ಮನೆಯಲ್ಲಿ ಕರೆಯುವ ಹೆಸರು

ನಮ್ಮ ಮನೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಹೆಸರುಗಳು ಇಲ್ಲವೆಂದಲ್ಲ. ಕರೆಂಟು ಬಿಲ್ಲಿನ ಮೇಲೆ, ಮದುವೆಯ ಕಾಗದದ ಮೇಲೆ ಅವು ಅಚ್ಚುಕಟ್ಟಾಗಿ ಕೂತಿವೆ. ಬಾಯಲ್ಲಿ ಓಡಾಡುವುದು ಮಾತ್ರ ಮಾವ ಇಟ್ಟ ಹೆಸರುಗಳು.

ಮಾವನದು ಸೋಫಾ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮೂರು ಮೆಟ್ಟಿಲು ಹತ್ತಿದರೆ ಮನೆ. ಹಳೆಯ ಸೋಫಾ, ಕುರ್ಚಿ, ಬಸ್ಸಿನ ಸೀಟು, ಏನೇ ಬರಲಿ, ಬಟ್ಟೆ ಬಿಚ್ಚಿ, ಸ್ಪ್ರಿಂಗು ಬಿಗಿದು, ಸ್ಪಂಜು ತುಂಬಿ, ಹೊಸ ಬಟ್ಟೆ ಹೊದಿಸಿ ಕಳಿಸುತ್ತಾರೆ. ಅಂಗಡಿಗೆ ಬಂದ ಸೋಫಾಕ್ಕೂ ಒಂದು ಹೆಸರು ಬೀಳುತ್ತದೆ. ಕೂತರೆ ಕಿರ್ ಎನ್ನುವುದು ‘ನಾದಿನಿ’. ಮೂರು ಜನ ಕೂರುವ ದೊಡ್ಡದೊಂದು, ಕಾಲು ಸೋತು ಬಂದದ್ದು, ಅದರ ಒಡೆಯ ತಿರುಗಿ ನೋಡಲೇ ಇಲ್ಲ, ಬಟ್ಟೆಯೆಲ್ಲ ಬಿಚ್ಚಿ ಬರೀ ಮರದ ಚೌಕಟ್ಟಾಗಿ ಮೂಲೆಯಲ್ಲಿ ನಿಂತಿದೆ. ಅದಕ್ಕೆ ‘ಪೆನ್ಷನ್’ ಎಂದು ಹೆಸರು. ನನ್ನ ಗಂಡ ಸ್ವಲ್ಪ ಮೈ ತುಂಬಿದವರು, ಅವರು ‘ದಿಂಬು’. ಅತ್ತೆ ‘ದೊರೆಸಾನಿ’. ಮನೆಗೆ ಹೊಸದಾಗಿ ಬಂದವರು ಯಾರೇ ಆಗಲಿ, ಎಂಟು ದಿನದೊಳಗೆ ಮಾವ ಅವರಿಗೊಂದು ಹೆಸರು ಕೊಡುತ್ತಾರೆ.

ನನಗೆ ನಾಲ್ಕನೆಯ ದಿನಕ್ಕೇ ಬಿತ್ತು. ಹೊಸ ಸೊಸೆ, ತೆಪ್ಪಗಿರಬೇಕಿತ್ತು. ಆದರೆ ಕುರ್ಚಿಯೊಂದರ ಹೊಲಿಗೆ ಸೊಟ್ಟಗಿದ್ದದ್ದು ಕಣ್ಣಿಗೆ ಬಿತ್ತು, ಹೇಳಿಬಿಟ್ಟೆ. ಮಾವ ಕೆಲಸ ಮಾಡುವಾಗ ಬಾಯಿತುಂಬ ಸಣ್ಣ ಮೊಳೆ ಇಟ್ಟುಕೊಂಡು ಒಂದೊಂದಾಗಿ ತುಟಿಯಿಂದ ತೆಗೆದು ಹೊಡೆಯುತ್ತಾರೆ. ಆ ಹೊತ್ತಿನಲ್ಲಿ ಅವರಿಂದ ಮಾತು ಹೊರಡಿಸುವುದು ಯಾರಿಂದಲೂ ಆಗದ ಕೆಲಸ. ಅವತ್ತು ಅಷ್ಟೂ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, ಹೊಲಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಸರಿಯಾಗೇ ಚುಚ್ತೀಯಮ್ಮ. ಗುಂಡುಸೂಜಿ ನೀನು,” ಎಂದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಹಿಂದೆಯೇ ಬಂದ ಗಂಡ ನಗುತ್ತ ಹೇಳಿದ್ದು ಇಷ್ಟು: “ಅಳ್ತೀಯಲ್ಲ, ಹೆಸರು ಬಿತ್ತು ನಿನಗೆ. ಇನ್ನು ಈ ಮನೆಯಿಂದ ನಿನ್ನನ್ನ ಯಾರೂ ಅಲ್ಲಾಡಿಸಕ್ಕಾಗಲ್ಲ.”

ಹನ್ನೊಂದು ವರ್ಷ ಕಾದೆವು, ಮಕ್ಕಳಾಗಲಿಲ್ಲ. ಕಡೆಗೆ ದತ್ತು ಮಗುವಿಗೆ ಅರ್ಜಿ ಹಾಕಿದೆವು, ಇನ್ನೂ ಎರಡು ವರ್ಷ ಕಾದೆವು. ಆಮೇಲೆ ಬಂದವಳು ಇವಳು. ಆರು ವರ್ಷ. ದೂರದಿಂದ ತಾಯಿಯ ಜೊತೆ ಬಂದಿದ್ದಳಂತೆ. ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಳು, ಹಿಂದುಮುಂದು ಯಾರೂ ಇಲ್ಲ, ಎಂಟು ತಿಂಗಳು ಅನಾಥ ಮಕ್ಕಳ ಮನೆಯಲ್ಲಿದ್ದಳು. ಅವಳ ಭಾಷೆ ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಯಾರೋ ಗೀಚಿದ್ದ ಒಂದು ಹೆಸರನ್ನು ತಮಗೆ ತೋಚಿದಂತೆ ಓದಿಕೊಂಡು ಅದನ್ನೇ ಕರೆಯುತ್ತಿದ್ದರು. ನಾವು ಕರೆತರಲು ಹೋದ ದಿನ ಆಯಾ ಬಾಗಿಲಲ್ಲಿ ನಿಂತು ಅಂಗಳದಾಚೆಗೆ ಆ ಹೆಸರನ್ನು ಕೂಗಿದಳು. ಒಂದಲ್ಲ, ಆರು ಸಲ. ನೀಲಿ ಸ್ವೆಟರಿನ ಮಗುವೊಂದು ಗೋಡೆಯ ಕಡೆ ಮುಖ ಮಾಡಿ ಕೂತಿತ್ತು, ತಲೆ ಹೊರಳಿಸಲಿಲ್ಲ. “ಕಿವಿ ಚೆನ್ನಾಗೇ ಕೇಳುತ್ತೆ, ಹಟ ಅಷ್ಟೇ,” ಎಂದು ಆಯಾ ನಮಗೆ ಸಮಾಧಾನ ಹೇಳಿದಳು.

ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಮಗು ಹೊಂದಿಕೊಂಡರೆ ನಮ್ಮದು, ಇಲ್ಲವಾದರೆ ವಾಪಸು. ಕಚೇರಿಯ ಮೇಡಂ ಇದನ್ನು ಮೃದುವಾಗಿಯೇ ಹೇಳಿದ್ದರು.

ಹುಡುಗಿ ಬಂದವಳೇ ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿ ಪೆನ್ಷನ್ನಿನ ಚೌಕಟ್ಟಿನೊಳಗೆ ನುಸುಳಿ ಕೂತುಬಿಟ್ಟಳು. ಊಟಕ್ಕೆ ಬರುತ್ತಿದ್ದಳು, ಹಾಸಿಗೆಗೆ ಬರುತ್ತಿದ್ದಳು, ಮಿಕ್ಕಂತೆ ಅಲ್ಲೇ. ಅಳುವುದಿಲ್ಲ, ನಗುವುದಿಲ್ಲ, ತುಟಿ ಎರಡು ಮಾಡುವುದಿಲ್ಲ. ಅತ್ತೆ ‘ಕಂದ’ ಎಂದರು, ‘ಪುಟ್ಟಿ’ ಎಂದರು, ‘ನನ್ನವ್ವ’ ಎಂದರು. ನನ್ನ ಗಂಡ ‘ಚಿನ್ನು’ ಎಂದು ಶುರುಮಾಡಿ ‘ಮುದ್ದು’ವಿಗೆ ಬಂದು ಕಡೆಗೆ ನಾಚಿಕೊಂಡು ಸುಮ್ಮನಾದರು. ಎಲ್ಲ ಗೋಡೆಗೆ ಹೇಳಿದ ಹಾಗಾಯಿತು.

ಎಂಟನೆಯ ದಿನ ಊಟಕ್ಕೆ ಕೂತಾಗ ಎಲ್ಲರೂ ಮಾವನ ಮುಖವನ್ನೇ ನೋಡುತ್ತಿದ್ದೆವು. ಮಾವ ಊಟ ಮುಗಿಸಿ ಕೈ ತೊಳೆದು ಬಂದರು. “ನಾನು ಇವಳಿಗೆ ಹೆಸರಿಡಲ್ಲ,” ಎಂದರು.

ನಾನು ತಟ್ಟೆ ಸರಿಸಿ ಕೇಳಿದೆ, “ಯಾಕೆ ಮಾವ? ಇವಳು ನಮ್ಮವಳಲ್ವಾ?”

“ಅದಕ್ಕಲ್ಲಮ್ಮ. ಇವಳ ಹತ್ರ ಆಗಲೇ ಒಂದಿದೆ. ಹೆತ್ತವಳು ಆರು ವರ್ಷ ಏನೂ ಕರೀದೆ ಸಾಕಿರ್ತಾಳಾ? ಅದು ಒಳಗಿರೋವಾಗ ಅದರ ಮೇಲೆ ನಂದೊಂದು ಹೊಡೆಯೋದು ತಪ್ಪು.”

ಸರಿ, ಹಾಗಾದರೆ ಆ ಒಂದನ್ನು ಹುಡುಕಿಯೇ ತೀರುತ್ತೇನೆಂದು ನಾನು ಸೆರಗು ಬಿಗಿದೆ. ಅವಳ ತಾಯಿ ಏನೆಂದು ಕರೆಯುತ್ತಿದ್ದಳೋ ಅದನ್ನು ಕರೆದರೆ ಸಾಕು, ಮಗು ಓಡಿ ಬಂದು ನನ್ನ ಸೊಂಟ ತಬ್ಬುತ್ತದೆ. ನನ್ನ ತಲೆಯಲ್ಲಿದ್ದದ್ದು ಇಷ್ಟೇ. ನಮ್ಮ ಬೀದಿಯಲ್ಲಿ ಹತ್ತು ಕಡೆಯಿಂದ ಬಂದು ನೆಲೆಸಿದವರಿದ್ದಾರೆ, ಒಬ್ಬೊಬ್ಬರ ಮನೆಮಾತು ಒಂದೊಂದು. ಯಾರದಾದರೂ ಇವಳ ಭಾಷೆಗೆ ಹತ್ತಿರವಿರಬಹುದು. ಅಂಗಡಿಯ ಹೊಲಿಗೆ ಮಿಷನ್ನು ಬಿಟ್ಟೆದ್ದು ಬೀದಿಯುದ್ದಕ್ಕೂ ಕೇಳುತ್ತ ಹೊರಟೆ: ನಿಮ್ಮ ಮನೆಯಲ್ಲಿ ನಿಮ್ಮನ್ನ ಮುದ್ದಿಗೆ ಏನಂತ ಕರೀತಿದ್ರು?

ಈ ಪ್ರಶ್ನೆಯನ್ನು ದೊಡ್ಡವರಿಗೆ ಕೇಳಿ ನೋಡಬೇಕು. ಮೂಲೆಯ ಕ್ಷೌರದಂಗಡಿಯವನು ಕತ್ತರಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಕುರ್ಚಿಯಲ್ಲಿದ್ದ ಗಿರಾಕಿಯ ತಲೆ ಅರ್ಧ ಹಾಗೇ ಉಳಿಯಿತು. “ನಮ್ಮಜ್ಜಿ ‘ನನ್ನ ಲಿವರೇ’ ಅಂತಿದ್ಲು ಅಕ್ಕ,” ಎಂದ.

“ಹೃದಯ ಅಂತಲ್ವಾ?”

“ಹೃದಯ ಅಂತ ಯಾರಿಗೆ ಬೇಕಾದ್ರೂ ಅಂತಾರೆ. ಲಿವರ್ ಅಂದ್ರೆ ಮನೆಯವರಿಗೆ ಮಾತ್ರ.” ಹೆಗಲ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ಐವತ್ತು ದಾಟಿದ ಗಂಡಸು.

ಔಷಧಿ ಅಂಗಡಿಯ ಹುಡುಗಿಯ ಮನೆಯಲ್ಲಿ ಅವಳನ್ನು ಚಿಗಟ ಎನ್ನುತ್ತಿದ್ದರಂತೆ. ಹೌದು, ನಾಯಿಯ ಮೈಮೇಲೆ ಹಾರುವ ಚಿಗಟವೇ. “ಬಂಗಾರ ಅಂದ್ರೆ ನಂಗೆ ಏನೂ ಅನ್ಸಲ್ಲ ಆಂಟಿ. ಚಿಗಟ ಅಂದ್ರೆ ಈಗ್ಲೂ ಅಳು ಬರತ್ತೆ,” ಎಂದಳು. ಬೀಗ ರಿಪೇರಿಯವನನ್ನು ಅವನ ಅಪ್ಪ ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ, ಮಗ ಅಪ್ಪನನ್ನು ಕರೆದ ಹಾಗೆ. ಇದೇನು ವಿಚಿತ್ರ ಎಂದು ಬಾಯಿ ತೆರೆದವಳು ಹಾಗೇ ನಿಂತೆ. ನಮ್ಮತ್ತೆ ಮಗುವಿಗೆ ‘ನನ್ನವ್ವ’ ಅನ್ನುವುದಿಲ್ಲವೇ? ಆ ಮಾತನ್ನು ಹುಟ್ಟಿದಾಗಿನಿಂದ ಎಲ್ಲರ ಬಾಯಲ್ಲೂ ಕೇಳುತ್ತ ಬಂದಿದ್ದೇನೆ. ಮೊಮ್ಮಗಳನ್ನು ತನ್ನ ತಾಯಿ ಮಾಡಿಕೊಳ್ಳುವ ಮಾತು ಅದೆಂದು ಒಂದು ದಿನವೂ ಹೊಳೆದಿರಲಿಲ್ಲ.

ಇಸ್ತ್ರಿ ಅಂಗಡಿಯ ಅಜ್ಜಿಯದು ಎಲ್ಲಕ್ಕಿಂತ ಮಿಗಿಲು. “ನಮ್ಮಮ್ಮ ‘ನನ್ನನ್ನ ಮಣ್ಣು ಮಾಡೋಳೇ, ಬಾ’ ಅಂತ ಕರೀತಿದ್ಲು,” ಎಂದಳು.

“ಬಿಡ್ತು ಅನ್ನಿ ಅಜ್ಜಿ. ಮಗೂಗೆ ಹೇಳೋ ಮಾತಾ ಅದು?” ನನಗೆ ಸಿಟ್ಟೇ ಬಂತು.

ಅಜ್ಜಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯಿಂದೆತ್ತಿ ಪಕ್ಕಕ್ಕಿಟ್ಟಳು. “ಯಾಕಮ್ಮ? ನಾನು ಮೊದಲು ಹೋಗ್ಬೇಕು, ನೀನಿಲ್ಲದ ಒಂದು ದಿನಾನೂ ನಂಗೆ ಬೇಡ, ಅಂತ. ದಿನಾ ಬೆಳಿಗ್ಗೆ ಹೇಳಿ ಎಬ್ಬಿಸೋಳು. ಅವಳು ಕೇಳಿದ ಹಾಗೇ ಆಯ್ತು. ನಾನೇ ಮಣ್ಣು ಮಾಡಿದೆ.”

ಮಡಿಸಿದ ಬಟ್ಟೆಗಳನ್ನು ಎದೆಗವಚಿಕೊಂಡು ನಾನು ಮನೆ ಕಡೆ ನಡೆದೆ. ಹದಿಮೂರು ವರ್ಷದಿಂದ ಈ ಬೀದಿಯಲ್ಲಿ ಓಡಾಡಿದ್ದೇನೆ, ಇವರ ಜೊತೆ ನೀರಿಗೆ, ಕಸಕ್ಕೆ, ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳವಾಡಿದ್ದೇನೆ. ಒಬ್ಬೊಬ್ಬರ ಒಳಗೂ ಇಂಥದ್ದೊಂದು ಮಾತು ಬೆಚ್ಚಗೆ ಕೂತಿದೆ ಎಂದು ಗೊತ್ತೇ ಇರಲಿಲ್ಲ. ಕರೆದವರು ಸತ್ತು ಎಷ್ಟೋ ಕಾಲವಾಗಿದ್ದರೂ ಕರೆದ ಮಾತು ಕೇಳಿದ ಕೂಡಲೇ ಈ ಜನ ಮಕ್ಕಳಾಗಿಬಿಡುತ್ತಿದ್ದರು, ಅದೂ ನನ್ನ ಕಣ್ಣೆದುರಿಗೇ.

ದಿನಕ್ಕೊಂದು ಮಾತು ತಂದು ಪೆನ್ಷನ್ನಿನ ಮುಂದೆ ಕೂತು ಹೇಳುತ್ತಿದ್ದೆ. ಅವರವರ ಭಾಷೆಯಲ್ಲೇ, ಅವರು ಹೇಳಿಕೊಟ್ಟ ಹಾಗೆಯೇ. ಹುಡುಗಿ ನನ್ನನ್ನು ನೋಡುತ್ತಿದ್ದದ್ದು ಹುಚ್ಚರನ್ನು ನೋಡುವ ಹಾಗೆ. ಒಂದಕ್ಕೂ ತಿರುಗಲಿಲ್ಲ.

ತಿಂಗಳು ತುಂಬಿದಾಗ ಕಚೇರಿಯ ಮೇಡಂ ಬಂದರು. ಒಳ್ಳೆಯ ಹೆಂಗಸು, ತೂಕವಾಗಿ ಮಾತಾಡುವವರು. ಚೌಕಟ್ಟಿನೊಳಗೆ ಬಗ್ಗಿ ನೋಡಿದರು, ಹೆಸರು ಹಿಡಿದು ಕರೆದರು, ಏನನ್ನೋ ಬರೆದುಕೊಂಡರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, “ಬೇಜಾರು ಮಾಡ್ಕೋಬೇಡಿ. ಬೇರೆ ಊರಲ್ಲಿ ಒಂದು ಮಕ್ಕಳ ಮನೆ ಇದೆ. ಇವಳ ಭಾಷೆ ಆಡೋ ಮಕ್ಕಳು ಅಲ್ಲಿ ಇಬ್ಬರು ಮೂವರು ಇದ್ದಾರೆ. ಮೂರು ತಿಂಗಳಾದ್ಮೇಲೂ ಹೀಗೇ ಇದ್ರೆ, ಇವಳಿಗೆ ಅದೇ ಒಳ್ಳೇದು ಅನ್ಸುತ್ತೆ,” ಎಂದರು.

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನ್ನನ್ನು ಉರಿಸಿದ್ದು. ತಪ್ಪಿದ್ದಿದ್ದರೆ ಜಗಳ ಕಾಯಬಹುದಿತ್ತು.

ಅದಾಗಿ ವಾರವಾಗಿರಬೇಕು. ಮಧ್ಯಾಹ್ನ ಕರೆಂಟು ಹೋಗಿ ಮಿಷನ್ನು ನಿಂತಿತು. ಅಂಗಡಿ ಇದ್ದಕ್ಕಿದ್ದಂತೆ ನಿಶ್ಶಬ್ದವಾಯಿತು. ಪೆನ್ಷನ್ನಿನ ಒಳಗಿನಿಂದ ಪಿಸುಮಾತು ಕೇಳಿಸಿತು. ನಾನು ಮಿಷನ್ನಿನ ಮುಂದೆಯೇ ಕಲ್ಲಾಗಿ ಕೂತೆ. ಚೌಕಟ್ಟಿನ ಸಂದಿಯಲ್ಲಿ ಕಂಡದ್ದು ಇದು: ಕೆಳಗೆ ಬಿದ್ದ ಸ್ಪಂಜಿನ ಚೂರುಗಳನ್ನೆಲ್ಲ ಆರಿಸಿ, ಹಸಿರು ಮಕಮಲ್ಲಿನ ತುಂಡಿನಲ್ಲಿ ಸುತ್ತಿ, ದಾರ ಬಿಗಿದು ಒಂದು ಗಂಟು ಮಾಡಿಕೊಂಡಿದ್ದಾಳೆ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆನ್ನು ತಟ್ಟುತ್ತಿದ್ದಾಳೆ. ತಟ್ಟುತ್ತ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾಳೆ. ಸಣ್ಣ ಮಾತು, ತುದಿಯಲ್ಲಿ ಸ್ವಲ್ಪ ಎಳೆಯುವಂಥದ್ದು. ಅವಳ ಧ್ವನಿ ಆಗ ಅವಳದಾಗಿರಲಿಲ್ಲ. ದೊಡ್ಡ ಹೆಂಗಸೊಬ್ಬಳ ಧ್ವನಿ. ತಟ್ಟುವ ಕೈಯೂ ದೊಡ್ಡ ಹೆಂಗಸೊಬ್ಬಳ ಕೈ, ನಡುವೆ ಒಮ್ಮೆ ನಿಂತು ಹಣೆಯ ಕೂದಲು ಸರಿಸಿ ಮತ್ತೆ ತಟ್ಟುತ್ತಿತ್ತು.

ನಾನು ಆ ತಾಯಿಯ ಮುಖ ನೋಡಿರಲಿಲ್ಲ. ಅವತ್ತು ಅವಳನ್ನು ಕಂಡ ಹಾಗಾಯಿತು. ಸತ್ತು ವರ್ಷವಾಗುತ್ತ ಬಂದ ಹೆಂಗಸು ನಮ್ಮ ಅಂಗಡಿಯ ಮೂಲೆಯಲ್ಲಿ ಕೂತು ಮಗುವನ್ನು ಮಲಗಿಸುತ್ತಿದ್ದಳು. ಭಯವಾಗಲಿಲ್ಲ. ನಮಸ್ಕಾರ ಮಾಡಬೇಕೆನ್ನಿಸಿತು.

ಆ ಮಾತು ಏನೆಂದು ನಾನಿಲ್ಲಿ ಬರೆಯುವುದಿಲ್ಲ. ಅದು ನಿಮ್ಮದಲ್ಲ.

ನನ್ನದೂ ಆಗಿರಲಿಲ್ಲ. ಅಷ್ಟು ಬುದ್ಧಿ ಅವತ್ತು ನನಗಿದ್ದಿದ್ದರೆ ಸಾಕಿತ್ತು. ಸಿಕ್ಕಿತು, ಸಿಕ್ಕಿತು ಎಂದು ಒಳಗೆ ಓಡಿ ಅತ್ತೆಗೆ ಹೇಳಿದೆ, ಗಂಡನಿಗೆ ಹೇಳಿದೆ. ಮಾವ ಬಟ್ಟೆ ತರಲು ಪೇಟೆಗೆ ಹೋಗಿದ್ದರು. ಅಡುಗೆಮನೆಯಲ್ಲಿ ನಿಂತು ನಾವು ಮೂವರೂ ಆ ಮಾತನ್ನು ಬಾಯಿಪಾಠ ಮಾಡಿದೆವು, ಎಳೆಯುವ ತುದಿಯೂ ತಪ್ಪದ ಹಾಗೆ. ಗುಂಪು ಕಟ್ಟಿಕೊಂಡು ಹೆಸರಿಡುವ ಚಟದವರು ಮಾತ್ರ ಮಾಡಬಹುದಾದ ತಪ್ಪು ಇದು, ಬೇರೆ ಯಾವ ಮನೆಯಲ್ಲೂ ಆಗುತ್ತಿರಲಿಲ್ಲ. ಊಟಕ್ಕೆ ಅವಳು ಮೆಟ್ಟಿಲು ಹತ್ತಿ ಬಂದಳು. ಮೂವರೂ ಒಟ್ಟಿಗೆ, ಮುಖ ಅರಳಿಸಿಕೊಂಡು, ಕರೆದೆವು.

ಅವಳ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಬಾಗಿಲ ಕಡೆಗೆ ತಟ್ಟನೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನಮ್ಮ ಮೂವರ ಬಾಯಿಗಳನ್ನು ನೋಡಿದಳು, ಒಂದಾದ ಮೇಲೊಂದು. ಮೆಟ್ಟಿಲಿಳಿದು ಹೋದಳು.

ಆ ಹೊತ್ತು ಉಣ್ಣಲಿಲ್ಲ, ಮಾರನೆಯ ದಿನವೂ ಉಣ್ಣಲಿಲ್ಲ. ಮಕಮಲ್ಲಿನ ಗಂಟು ಎಲ್ಲೋ ಮಾಯವಾಯಿತು. ಪಿಸುಮಾತೂ ನಿಂತಿತು.

ಪೇಟೆಯಿಂದ ಬಂದ ಮಾವನಿಗೆ ವಿಷಯ ತಿಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಟ್ಟೆ ಕತ್ತರಿಸುವ ಮೇಜಿಗೆ ಒರಗಿ ನಿಂತು, “ಕದ್ದುಬಿಟ್ರಲ್ಲ,” ಎಂದರು.

“ಒಳ್ಳೇದಕ್ಕೇ ಮಾಡಿದ್ವಿ ಮಾವ.”

“ಗೊತ್ತಮ್ಮ. ಆದ್ರೆ ಅವಳ ಅಮ್ಮ ಅವಳಿಗೆ ಬಿಟ್ಟುಹೋಗಿದ್ದು ಅದೊಂದೇ ಅಲ್ವಾ. ಅದನ್ನೂ ನಾವೇ ಬಾಯಿಗೆ ಹಾಕ್ಕೊಂಡ್ರೆ ಆ ತಾಯಿ ಇನ್ನೆಲ್ಲಿಗೆ ಹೋಗ್ಬೇಕು?” ತಂದ ಬಟ್ಟೆಯ ಕಟ್ಟನ್ನು ಮೇಜಿನ ಮೇಲಿಟ್ಟು ಹೇಳಿದರು, “ಇವತ್ತಿಂದ ಅವಳನ್ನ ಯಾರೂ ಏನೂ ಕರೀಬೇಡಿ. ಆ ಹೆಸರೂ ಬೇಡ, ಕಾಗದದ ಹೆಸರೂ ಬೇಡ, ಪುಟ್ಟಿ ಚಿನ್ನು ಯಾವ್ದೂ ಬೇಡ. ಏನಾದ್ರೂ ಬೇಕಿದ್ರೆ ಎದ್ದು ಅವಳ ಹತ್ರ ಹೋಗಿ. ಅವಳಾಗೇ ನೋಡೋ ತನಕ ಕೂತ್ಕೊಳ್ಳಿ.”

ಮೂರನೆಯ ದಿನ ಸಂಜೆಗೆ ಮುಂಚೆ, ಬೆಳಕು ಇನ್ನೂ ಇರುವಾಗಲೇ, ನಾನು ಮೊಣಕೈ ಊರಿ ಪೆನ್ಷನ್ನಿನೊಳಗೆ ನುಸುಳಿದೆ. ಒಳಗೆ ಮರದ ಪುಡಿ, ಹಳೆಯ ಅಂಟಿನ ವಾಸನೆ. ತಪ್ಪಾಯಿತು ಎನ್ನಬೇಕಿತ್ತು, ಯಾವ ಭಾಷೆಯಲ್ಲಿ ಅನ್ನಲಿ? ಕದ್ದವಳು ತನ್ನದನ್ನಾದರೂ ಕೊಡಬೇಕು. ನನ್ನ ಎದೆ ಮುಟ್ಟಿಕೊಂಡು, ನನ್ನಮ್ಮ ನನ್ನನ್ನು ಕರೆಯುತ್ತಿದ್ದ ಹೆಸರನ್ನು ಅವಳಿಗೆ ಹೇಳಿದೆ. ಅಮ್ಮ ಹೋಗಿ ಹತ್ತೊಂಬತ್ತು ವರ್ಷ. ಅಂದಿನಿಂದ ಅದು ಯಾರ ಬಾಯಲ್ಲೂ ಬಂದಿರಲಿಲ್ಲ, ನನ್ನ ಬಾಯಲ್ಲೂ. ಗಂಡನಿಗೂ ಹೇಳಿರಲಿಲ್ಲ. ಹೇಳಿದ ಮೇಲೆ ಎಂಥ ಅಳು ಬಂತೆಂದರೆ, ಸೋಫಾದ ಅಡ್ಡಪಟ್ಟಿಗೆ ತಲೆ ತಾಗಿಸಿಕೊಂಡು ಬಿಕ್ಕಿದೆ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಹೊರಗೆ ಬಂದು ಅತ್ತೆ ಇಟ್ಟ ತಟ್ಟೆಯಿಂದ ನಾಲ್ಕು ತುತ್ತು ತಿಂದಳು.

ಅಲ್ಲಿಂದ ಶುರುವಾಯಿತು ನಮ್ಮ ನಡಿಗೆ. ಹೇಳುವುದು ಸುಲಭ, ಮಾಡಿ ನೋಡಿದರೆ ಗೊತ್ತಾಗುತ್ತದೆ. ಮನುಷ್ಯ ದಿನಕ್ಕೆ ಎಷ್ಟು ಸಲ ಕೂತಲ್ಲಿಂದಲೇ ಕೂಗುತ್ತಾನೆಂದು ಲೆಕ್ಕವಿಲ್ಲ. ಊಟಕ್ಕೆ ಬಾ, ಚಪ್ಪಲಿ ಹಾಕ್ಕೋ, ಅಲ್ಲಿ ಮೊಳೆ ಇದೆ ಹುಷಾರು. ಒಂದೊಂದಕ್ಕೂ ಎದ್ದು ಹೋಗಬೇಕು. ಅತ್ತೆಗೆ ಮಂಡಿನೋವು, ಮೂರು ಮೆಟ್ಟಿಲು ಇಳಿಯಲು ಮೂರು ಸಲ ದೇವರನ್ನು ನೆನೆಯುತ್ತಾರೆ. ಆದರೂ ಇಳಿದು ಬಂದು, ಚೌಕಟ್ಟಿನೆದುರು ಮಣೆ ಹಾಕಿಕೊಂಡು ಕೂತು, ಅವಳು ಕಣ್ಣೆತ್ತುವ ತನಕ ಕಾದು, ಕೈಸನ್ನೆಯಲ್ಲಿ ಊಟ ಎನ್ನುತ್ತಿದ್ದರು. ಗಂಡ ಹೊಲಿಗೆಯ ನಡುವೆ ಮಿಷನ್ನು ನಿಲ್ಲಿಸಿ ಏಳುತ್ತಿದ್ದರು. ಮಾವ ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಉಗುಳಿ, ಅಂಗಡಿಯ ಈ ತುದಿಯಿಂದ ಆ ತುದಿಗೆ ನಡೆದು, ಮಂಡಿಯ ಲಟಲಟ ಸದ್ದಿನೊಂದಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಗಿರಾಕಿಗಳು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು. “ನಿಮ್ಮ ಅಂಗಡೀಲಿ ಕೆಲಸ ಮಾಡೋದು ಯಾವಾಗ?” ಎಂದು ಒಬ್ಬ ಕೇಳಿಯೇ ಕೇಳಿದ.

ನನಗೆ ತಾಳ್ಮೆ ಹುಟ್ಟಿದಾಗಲೇ ಕಮ್ಮಿ. ಅವಳು ನೋಡಲಿ ಎಂದು ಕಾಯುವ ಹೊತ್ತಿನಲ್ಲಿ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಮೊದಮೊದಲು ಕಾಲು ಗಂಟೆ ಹಿಡಿಯುತ್ತಿತ್ತು. ಆಮೇಲೆ ಅದು ಹತ್ತು ನಿಮಿಷಕ್ಕೆ ಬಂತು. ಎರಡನೆಯ ತಿಂಗಳು ಮುಗಿಯುವಾಗ ನಾನು ಹೋಗಿ ಕೂತರೆ ಅವಳು ಕೈಲಿದ್ದ ಕೆಲಸ ಮುಗಿಸಿ ನೋಡುತ್ತಿದ್ದಳು. ಮಕಮಲ್ಲಿನ ಗಂಟು ಒಂದು ದಿನ ಮತ್ತೆ ಕಾಣಿಸಿಕೊಂಡಿತು. ಮಾತು ಮಾತ್ರ ಇಲ್ಲ.

ಮೂರು ತಿಂಗಳು ತುಂಬಿದ ದಿನ ಬೆಳಿಗ್ಗೆ ಹತ್ತಕ್ಕೆ ಮೇಡಂ ಬಂದರು. ಜೊತೆಗೊಬ್ಬ ಹೆಂಗಸು. ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡುವವಳು, ರಜೆಯ ದಿನವೆಂದು ಬಂದಿದ್ದಾಳೆ, ಹುಡುಗಿಯ ಭಾಷೆಯವಳು, ಹುಡುಕಿ ಹುಡುಕಿ ಸಿಕ್ಕಳು ಎಂದು ಮೇಡಂ ಪರಿಚಯ ಮಾಡಿದರು. ಅವಳು ನಮ್ಮ ಅಂಗಡಿಯ ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿ, ಆತುಕೊಳ್ಳಲು ಏನಾದರೂ ಇದೆಯೇ ಎಂದು ಕೈಯಾಡಿಸುತ್ತ ನಿಂತಿದ್ದಳು. ನಾವು ನಾಲ್ವರೂ ಕತ್ತರಿಸುವ ಮೇಜಿನ ಹಿಂದೆ ಸಾಲಾಗಿ ನಿಂತೆವು.

ಕಂಡಕ್ಟರಮ್ಮ ಚೌಕಟ್ಟಿನ ಮುಂದೆ ಕೂತು ಏನೋ ಹೇಳಿದಳು. ಹುಡುಗಿ ಅವಳ ಬಾಯಿಯನ್ನು ನೋಡಿದಳು. ಇನ್ನೊಂದು ಮಾತು ಬಂತು. ಹುಡುಗಿ ಹೊರಗೆ ಬಂದಳು.

ಆಮೇಲೆ ಆದದ್ದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಅವಳು ಮಾತಾಡಿದಳು. ಕೈ ಆಡಿಸುತ್ತ, ಹುಬ್ಬು ಹಾರಿಸುತ್ತ, ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಮಾತಾಡಿದಳು. ಕಂಡಕ್ಟರಮ್ಮ ನಕ್ಕಳು, ಹುಡುಗಿ ಅವಳನ್ನು ಗದರಿಸಿ ಮುಂದುವರಿಸಿದಳು. ಮೂರು ತಿಂಗಳಿಂದ ನನ್ನ ಮನೆಯಲ್ಲಿ ಒಂದು ಬಾಯಿಬಡುಕಿ ಮಗು ಬಾಯಿ ಮುಚ್ಚಿ ಕೂತಿತ್ತು. ನನಗೆ ಬೆರಗು, ನಾಚಿಕೆ, ಎರಡೂ ಒಟ್ಟಿಗೆ ನುಗ್ಗಿದವು. ಅತ್ತೆ ನನ್ನ ಕೈ ಹಿಡಿದುಕೊಂಡರು.

ಮೇಡಂ ಪ್ರಶ್ನೆ ಕೇಳಿದರು, ಕಂಡಕ್ಟರಮ್ಮ ಅದನ್ನು ದಾಟಿಸಿದಳು. ಊಟ? ಪರವಾಗಿಲ್ಲವಂತೆ, ಉಪ್ಪು ಕಮ್ಮಿಯಂತೆ. ಯಾರಾದರೂ ಹೊಡೆಯುತ್ತಾರಾ? ಇಲ್ಲವಂತೆ, ಆ ಅಜ್ಜ ಸೋಫಾಗಳಿಗೆ ಮಾತ್ರ ಹೊಡೆಯುತ್ತಾರಂತೆ.

“ಇಲ್ಲಿ ನಿನ್ನನ್ನ ಏನಂತ ಕರೀತಾರೆ?”

ಹುಡುಗಿ ಒಂದೇ ಮಾತಿನಲ್ಲಿ ಉತ್ತರಿಸಿದಳು. ಕಂಡಕ್ಟರಮ್ಮ ನಮ್ಮ ಕಡೆ ಒಂಥರಾ ನೋಡಿ, “ಏನೂ ಕರೆಯಲ್ವಂತೆ,” ಎಂದಳು.

ಮೇಡಂ ಅವರ ಪೆನ್ನು ನಿಂತಿತು. “ಏನೂ ಅಂದ್ರೆ? ಮೂರು ತಿಂಗಳಿಂದ ಮಗೂನ ಯಾರೂ ಕರೆದಿಲ್ವಾ?”

ಹೌದು, ಆ ದಿನದಿಂದ ಕರೆದಿಲ್ಲ. ಏನೆಂದು ವಿವರಿಸಲಿ? ಮೇಡಂ ಏನನ್ನೋ ಬರೆಯತೊಡಗಿದರು. ಆ ಪೆನ್ನಿನ ಗರಗರ ಸದ್ದು ಕೇಳುತ್ತ, ಮುಗಿಯಿತು, ನಾವೇ ನಮ್ಮ ಕೈಯಾರೆ ಕಳೆದುಕೊಂಡೆವು ಎಂದುಕೊಂಡೆ.

ಹುಡುಗಿ ಇನ್ನೂ ಮುಗಿಸಿರಲಿಲ್ಲ. ಕಂಡಕ್ಟರಮ್ಮನ ತೋಳು ಜಗ್ಗಿ ಮತ್ತೆ ಶುರುಮಾಡಿದಳು. ಈ ಸಲ ನಿಧಾನವಾಗಿ. ಮೆಟ್ಟಿಲು ತೋರಿಸಿದಳು, ಮಿಷನ್ನು ತೋರಿಸಿದಳು, ಅಂಗಡಿಯ ಆ ತುದಿ ತೋರಿಸಿ, ಕುಕ್ಕರಗಾಲಲ್ಲಿ ಕೂತು, ಮಂಡಿಯ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದಳು. ಕಂಡಕ್ಟರಮ್ಮನ ನಗು ನಡುವೆಯೇ ಎಲ್ಲೋ ಹೋಯಿತು.

“ಮೇಡಂ, ಬರೀಬೇಡಿ, ಒಂದ್ನಿಮಿಷ,” ಎಂದಳು. “ಅಲ್ಲಿ ಮಕ್ಕಳ ಮನೇಲಿ ಬಾಗಿಲಲ್ಲಿ ನಿಂತು ಕೂಗ್ತಿದ್ರಂತೆ. ಇಲ್ಲಿ ಯಾರೂ ಕೂಗಲ್ವಂತೆ. ಹತ್ರ ಬರ್ತಾರಂತೆ. ಆ ಅಜ್ಜಿ ಕಾಲು ನೋವಿದ್ರೂ ಬರ್ತಾರಂತೆ. ಆ ಅಜ್ಜ ಬಾಯಲ್ಲಿರೋ ಮೊಳೆ ಎಲ್ಲಾ ತೆಗೆದು ಬರ್ತಾರಂತೆ. ಬಂದು ಸುಮ್ನೆ ಕೂರ್ತಾರಂತೆ, ಇವಳು ನೋಡೋ ತನಕ. ಒಂದೊಂದ್ಸಲ ಬೇಕಂತಲೇ ನೋಡದೆ ಇರ್ತಿದ್ದಳಂತೆ, ಎದ್ದು ಹೋಗ್ತಾರಾ ಅಂತ. ಯಾರೂ ಹೋಗ್ಲಿಲ್ವಂತೆ.” ಆಮೇಲೆ ನನ್ನ ಕಡೆ ತಿರುಗಿದಳು. “ನೀವು ಒಂದಿನ ಒಳಗೆ ಬಂದು ನಿಮ್ಮ ಹೆಸರೊಂದು ಹೇಳಿದ್ರಂತೆ. ಅದೇನು ಅಂದ್ರೆ ನಂಗೂ ಹೇಳಲ್ಲ ಅಂತಾಳೆ. ಅದು ನಿಮ್ಮದಂತೆ.”

ಗಂಡ ನನ್ನನ್ನು ನೋಡಿದರು. ನಾನು ಯಾರನ್ನೂ ನೋಡಲಿಲ್ಲ.

ಮೇಡಂ ಕಾಗದಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಧ್ವನಿ ಮೊದಲಿನ ಹಾಗಿರಲಿಲ್ಲ. “ನಿನ್ನ ಭಾಷೆ ಮಾತಾಡೋ ಮಕ್ಕಳಿರೋ ಕಡೆ ಹೋಗ್ತೀಯಾ ಅಂತ ಕೇಳಿ.”

ಕಂಡಕ್ಟರಮ್ಮ ಕೇಳಿದಳು. ಹುಡುಗಿ ಯೋಚಿಸಿದಳು. ಆಮೇಲೆ ಅವಳೇ ಒಂದು ಪ್ರಶ್ನೆ ಕೇಳಿದಳು.

“ಅಲ್ಲಿಯವರು ಬಾಗಿಲಲ್ಲಿ ನಿಂತು ಕೂಗ್ತಾರಾ ಅಂತಾಳೆ.”

“ಗೊತ್ತಿಲ್ಲಮ್ಮ,” ಎಂದರು ಮೇಡಂ. ಸುಳ್ಳು ಹೇಳಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಗೌರವ.

ಹಾಗಾದರೆ ಬೇಡವೆಂದು ಹುಡುಗಿ ತಲೆಯಾಡಿಸಿದಳು. ಅಷ್ಟು ಅರ್ಥವಾಗಲು ಯಾರೂ ದಾಟಿಸಬೇಕಾಗಿರಲಿಲ್ಲ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮೇಡಂ ತಿಂಗಳಿಗೊಂದು ಸಲ ಈ ಕಂಡಕ್ಟರಮ್ಮನನ್ನು ಕಳಿಸಿಕೊಡುತ್ತೇನೆ, ಮಗುವಿನ ಭಾಷೆ ಸಾಯಬಾರದು ಎಂದರು. ತಿಂಗಳಿಗೆ ಯಾಕೆ, ವಾರ ವಾರ ಬರುತ್ತೇನೆ ಎಂದಳು ಕಂಡಕ್ಟರಮ್ಮ.

ಎಲ್ಲ ಮುಗಿದು ಅವರು ಏಳುವ ಹೊತ್ತಿಗೆ ಹುಡುಗಿ ಮತ್ತೆ ಅವಳ ತೋಳು ಹಿಡಿದು ಬಗ್ಗಿಸಿ ಕಿವಿಯಲ್ಲಿ ಏನೋ ಹೇಳಿದಳು. ಕಂಡಕ್ಟರಮ್ಮ ನೆಟ್ಟಗಾಗಿ, ಮೂಗೆಳೆದುಕೊಂಡು ಹೇಳಿದಳು:

“ಅವಳ ಅಮ್ಮ ಕರೀತಿದ್ದ ಹೆಸರು ನಿಮಗೆ ಗೊತ್ತಂತಲ್ಲ. ಇನ್ಮೇಲೆ ಕರೀಬಹುದಂತೆ. ಎಲ್ಲರೂ ಒಟ್ಟಿಗೆ ಬೇಡ, ಒಬ್ಬೊಬ್ಬರೇ. ದೂರದಿಂದ ಬೇಡ.” ನನ್ನ ಕಡೆ ಕೈ ಮಾಡಿದಳು. “ಮೊದಲು ನೀವಂತೆ.”

ಮೇಜಿನ ಹಿಂದಿನಿಂದ ಅವಳಿದ್ದಲ್ಲಿಗೆ ಹನ್ನೆರಡು ಹೆಜ್ಜೆ. ಅಷ್ಟು ದೂರ ನಾನು ಯಾವತ್ತೂ ನಡೆದಿಲ್ಲ. ಹೋಗಿ ಅವಳೆದುರು ನೆಲದ ಮೇಲೆ ಕೂತೆ. 

ಅವಳು ಆಗಲೇ ನನ್ನನ್ನು ನೋಡುತ್ತಿದ್ದಳು. ಮತ್ತೆ ಆ ಮುಖ ಬಿಳಿಚಿಕೊಂಡರೆ? ನನ್ನ ಬಾಯಲ್ಲಿ ಅದು ಕೆಟ್ಟುಹೋದರೆ? ಕಾಣದ ಆ ತಾಯಿಯನ್ನು ಮನಸ್ಸಿನಲ್ಲೇ ಒಂದು ಮಾತು ಕೇಳಿಕೊಂಡೆ. ತುದಿಯಲ್ಲಿ ಸ್ವಲ್ಪ ಎಳೆದು, ಆದಷ್ಟು ಮೆಲ್ಲಗೆ, ನನ್ನ ಮಗಳನ್ನು ಕರೆದೆ.

“ಓ,” ಎಂದಳು ಅವಳು.